ಮಂಗಳನ ವಾಯುಭಾರ: ಅನ್ಯಗ್ರಹ ವಸತಿಯ ಕಲ್ಪನೆಯಲ್ಲಿ ಒಂದು ಅಂಕಿಯ ಚರಿತ್ರೆ

ಅನ್ಯಗ್ರಹದಲ್ಲಿ ಮನುಷ್ಯ ನೆಲೆಸಬಹುದೆಂಬ ಕಲ್ಪನೆಯ ಚರಿತ್ರೆಯನ್ನು ರಾಕೆಟ್ಟಿನ ಚರಿತ್ರೆಯಾಗಿ ಬರೆಯುವುದು ರೂಢಿ. ತ್ಸಿಯೊಲ್ಕೊವ್‌ಸ್ಕಿ, ಗೊಡಾರ್ಡ್, ಒಬೆರ್ತ್, ಫಾನ್ ಬ್ರೌನ್ ಎಂಬ ಕ್ರಮದಲ್ಲಿ ಸಾಗುವ ಆ ಕಥನದಲ್ಲಿ ಗ್ರಹವೆಂಬುದು ತಲುಪಬೇಕಾದ ಒಂದು ದೂರದ ದಡ ಮಾತ್ರ. ಅಲ್ಲಿಗೆ ಒಯ್ಯುವ ವಾಹನ ಸಿದ್ಧವಾದರೆ ಉಳಿದುದೆಲ್ಲ ತಾನಾಗಿ ಒದಗಿಬರುತ್ತದೆಂಬ ನಂಬಿಕೆ ಅದರ ಹಿಂದೆ ಅಡಗಿದೆ. ಆದರೆ ಮಂಗಳ ಗ್ರಹದ ಮಟ್ಟಿಗೆ ಈ ಚರಿತ್ರೆಯನ್ನು ಬೇರೊಂದು ದಿಕ್ಕಿನಿಂದಲೂ ನೋಡಲು ಸಾಧ್ಯವಿದೆ. ಆ ಗ್ರಹದ ನೆಲದ ಮೇಲೆ ಗಾಳಿಯ ಭಾರ ಎಷ್ಟು ಎಂಬ ಒಂದು ಅಂಕಿ ೧೯೦೮ರಿಂದ ೧೯೬೦ರ ದಶಕದ ಆರಂಭದವರೆಗೆ, ಅಂದರೆ ಅರ್ಧ ಶತಮಾನಕ್ಕೂ ಮೀರಿ, ತಪ್ಪಾಗಿಯೇ ಚಲಾವಣೆಯಲ್ಲಿತ್ತು. ಮಂಗಳದಲ್ಲಿ ಮನುಷ್ಯವಸತಿ ಎಂಬ ಕಲ್ಪನೆ ತನ್ನ ಮೊದಲ ರೂಪವನ್ನು ಪಡೆದದ್ದು ಆ ತಪ್ಪು ಅಂಕಿಯ ಆಶ್ರಯದಲ್ಲಿ. ಅಂಕಿ ತಿದ್ದುಪಡಿಯಾದ ಮೇಲೆ ಕಲ್ಪನೆ ಅಳಿಯಲಿಲ್ಲ. ಅದರ ಭಾರ ವಾಹನದಿಂದ ಮನೆಯ ಕಡೆಗೆ ಸರಿಯಿತು. ಈ ಸರಿದಾಟವನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪರಿಭಾಷೆಯ ಬಗೆಗೆ ಒಂದು ಮಾತು ಅಗತ್ಯ. ಕನ್ನಡದ ‘ವಸಾಹತು’ ಎಂಬ ಪದ ಜನ ಹೋಗಿ ನೆಲೆಸಿದ ಸ್ಥಳವನ್ನೂ ಪರರಾಜ್ಯದ ಆಳ್ವಿಕೆಗೆ ಒಳಪಟ್ಟ ನಾಡನ್ನೂ ಏಕಕಾಲಕ್ಕೆ ಸೂಚಿಸುತ್ತದೆ. ಒಳಗೊಳ್ಳಲು ಅಥವಾ ಹೊರದೂಡಲು ಮೂಲನಿವಾಸಿಗಳೇ ಇಲ್ಲದ ಗ್ರಹಕ್ಕೆ ಎರಡನೆಯ ಅರ್ಥ ಹೊಂದುವುದಿಲ್ಲ. ಆದರೂ ಅದರ ನೆರಳು ಈ ವಿಷಯದ ಪಾಶ್ಚಾತ್ಯ ಸಾಹಿತ್ಯದ ಮೇಲೆ ದಟ್ಟವಾಗಿ ಬಿದ್ದಿದೆ. ಆದುದರಿಂದ ಇಲ್ಲಿ ‘ವಸತಿ’, ‘ನೆಲೆ’ ಎಂಬ ಪದಗಳನ್ನೇ ಬಳಸಲಾಗಿದೆ. ಕೆಲವು ತಿಂಗಳು ತಂಗಿ ಹಿಂದಿರುಗುವುದು ಶಿಬಿರ. ಹುಟ್ಟು, ಬಾಳು, ಸಾವು ಮೂರೂ ಒಂದೆಡೆ ನಡೆದಾಗ ಮಾತ್ರ ಅದು ವಸತಿ.

೧೮೭೭ರಲ್ಲಿ ಮಂಗಳವು ಭೂಮಿಗೆ ಸಮೀಪ ಬಂದಾಗ ಮಿಲಾನಿನ ಬ್ರೆರಾ ವೀಕ್ಷಣಾಲಯದ ಜೊವಾನ್ನಿ ಸ್ಕಿಯಾಪರೆಲ್ಲಿ ಅದರ ಮೇಲೆ ಕಂಡ ಗೆರೆಗಳನ್ನು ಇಟಲಿಯ ಭಾಷೆಯಲ್ಲಿ ‘ಕನಾಲಿ’ ಎಂದು ಕರೆದದ್ದು, ಆ ಪದ ಇಂಗ್ಲಿಷಿಗೆ ಹೋಗುವಾಗ ಕಾಲುವೆಗಳಾದದ್ದು ಹಲವು ಬಾರಿ ಹೇಳಲಾದ ಕಥೆ. ಅದನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ೧೮೯೪ರಲ್ಲಿ ಅರಿಝೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಸ್ವಂತ ಖರ್ಚಿನಿಂದ ವೀಕ್ಷಣಾಲಯವನ್ನು ಕಟ್ಟಿದ ಪರ್ಸಿವಲ್ ಲೊವೆಲ್ ಆ ಕಾಲುವೆಗಳಿಗೆ ಕರ್ತೃಗಳನ್ನೂ ಕಲ್ಪಿಸಿದ. ಬತ್ತುತ್ತಿರುವ ಗ್ರಹವೊಂದರ ಪ್ರಜ್ಞಾವಂತ ಜೀವಿಗಳು ಧ್ರುವದ ಮಂಜನ್ನು ಕರಗಿಸಿ ನೀರು ಹರಿಸುತ್ತಿದ್ದಾರೆಂಬ ಅವನ ವಾದ ಬಹುಕಾಲ ಬಾಳಲಿಲ್ಲ. ೧೯೦೯ರಲ್ಲಿ ಪ್ಯಾರಿಸ್ ಬಳಿಯ ಮ್ಯೂಡಾನ್‌ನ ದೊಡ್ಡ ದೂರದರ್ಶಕದಲ್ಲಿ ನೋಡಿದ ಅಂತೋನಿಯಾಡಿಗೆ ಗೆರೆಗಳ ಬದಲು ಕ್ರಮವಿಲ್ಲದ ಕಲೆಗಳು ಕಂಡವು. ಕಾಲುವೆಗಳು ಹೋದವು. ಆದರೆ ಲೊವೆಲ್ ೧೯೦೮ರಲ್ಲಿ ಲೆಕ್ಕಹಾಕಿ ಕೊಟ್ಟ ವಾಯುಭಾರದ ಅಂಕಿ ಉಳಿಯಿತು: ೮೭ ಮಿಲಿಬಾರ್.

ಭೂಮಿಯ ಕಡಲಮಟ್ಟದಲ್ಲಿ ವಾಯುಭಾರ ಸುಮಾರು ೧,೦೧೩ ಮಿಲಿಬಾರ್. ಅದರ ಹನ್ನೆರಡನೆಯ ಒಂದು ಭಾಗದಷ್ಟಾದರೂ ಗಾಳಿ ಮಂಗಳದಲ್ಲಿದೆ ಎಂಬುದು ಲೊವೆಲ್ಲನ ಅಂಕಿಯ ತಾತ್ಪರ್ಯ. ಗ್ರಹದ ಹೊಳಪನ್ನು ಆಧರಿಸಿ, ಆ ಹೊಳಪಿನಲ್ಲಿ ಗಾಳಿ ಚದುರಿಸಿದ ಬೆಳಕಿನ ಪಾಲೆಷ್ಟೆಂದು ಊಹಿಸಿ ಅವನು ಇದನ್ನು ಪಡೆದಿದ್ದ. ಸಮಕಾಲೀನರಲ್ಲಿ ವಿರೋಧವಿರಲಿಲ್ಲವೆಂದಲ್ಲ. ಡಾರ್ವಿನ್ನನ ಜೊತೆಗೆ ನಿಸರ್ಗದ ಆಯ್ಕೆಯ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡ ಆಲ್ಫ್ರೆಡ್ ರಸ್ಸೆಲ್ ವಾಲೆಸ್ ೧೯೦೭ರಲ್ಲಿ, ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಮಂಗಳ ವಾಸಯೋಗ್ಯವೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿಕೊಂಡ ಒಂದು ಚಿಕ್ಕ ಗ್ರಂಥವನ್ನು ಬರೆದ. ಅಷ್ಟು ತೆಳುವಾದ ಗಾಳಿಯ ಗ್ರಹದಲ್ಲಿ ಶಾಖ ನಿಲ್ಲದು, ನೀರು ಹರಿಯದು. ಆದ್ದರಿಂದ ಅಲ್ಲಿ ಜೀವಿಗಳು ಇಲ್ಲವೆಂಬುದಷ್ಟೇ ಅಲ್ಲ, ಇರಲೂ ಸಾಧ್ಯವಿಲ್ಲ ಎಂಬುದು ಅವನ ನಿರ್ಣಯ. ದೂರದರ್ಶಕವಿಲ್ಲದ ಈ ಜೀವವಿಜ್ಞಾನಿ ಖಗೋಳಜ್ಞನಿಗಿಂತ ಸತ್ಯಕ್ಕೆ ಹತ್ತಿರವಿದ್ದನೆಂಬುದನ್ನು ಮುಂದಿನ ಕಾಲ ತೋರಿಸಿತು. ಆದರೆ ಆ ದಿನಗಳಲ್ಲಿ ವಾಲೆಸ್ಸನ ಗ್ರಂಥಕ್ಕೆ ಲೊವೆಲ್ಲನ ಪುಸ್ತಕಗಳ ಜನಪ್ರಿಯತೆ ದೊರೆಯಲಿಲ್ಲ.

ಲೊವೆಲ್ಲನ ಅಂಕಿ ಉಳಿಯಲು ಅದರ ಕರ್ತೃವಿನ ಖ್ಯಾತಿಯೊಂದೇ ಕಾರಣವಲ್ಲ. ನಂತರದವರು ಬೇರೆ ಬೇರೆ ವಿಧಾನಗಳಿಂದ ಅಳೆದಾಗಲೂ ಉತ್ತರ ಅದರ ಆಸುಪಾಸಿಗೇ ಬಂದಿತು. ೧೯೫೦ರ ದಶಕದ ಆರಂಭದಲ್ಲಿ ಫ್ರಾನ್ಸಿನ ಓದ್ವಾಂ ದೊಲ್ಫ್ಯೂಸ್ ಬೆಳಕಿನ ಧ್ರುವೀಕರಣವನ್ನು ಅಳೆದು ೮೩ ಮಿಲಿಬಾರ್ ಎಂದ. ಝೆರಾರ್ ದ ವೊಕುಲರ್ ಎಲ್ಲ ಅಳತೆಗಳನ್ನೂ ತೂಗಿನೋಡಿ ೧೯೫೪ರಲ್ಲಿ ೮೫ ಎಂದ. ಹೆಚ್ಚುಕಡಿಮೆ ನಾಲ್ಕೇ ಮಿಲಿಬಾರ್ ಎಂದೂ ಸೇರಿಸಿದ. ಹಲವು ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ಅದನ್ನು ನಂಬದಿರುವುದು ಕಷ್ಟ. ಆದರೆ ಈ ಸಾಕ್ಷಿಗಳೆಲ್ಲ ಒಂದೇ ಗ್ರಹಿಕೆಗೆ ಬದ್ಧರಾಗಿದ್ದರು. ಬೆಳಕನ್ನು ಚದುರಿಸುತ್ತಿರುವುದು ಗಾಳಿಯ ಅಣುಗಳೇ ಎಂದು ಎಲ್ಲರೂ ಭಾವಿಸಿದ್ದರು. ಮಂಗಳದ ಆಕಾಶದಲ್ಲಿ ತೇಲುವ ನುಣ್ಣನೆಯ ಧೂಳು ಮತ್ತು ಹಿಮಕಣಗಳು ಆ ಲೆಕ್ಕದಲ್ಲಿ ಗಾಳಿಯ ಖಾತೆಗೆ ಜಮೆಯಾಗಿದ್ದವು. ಇನ್ನೊಂದು ಸಂಗತಿಯೂ ಉಂಟು. ಜೆರಾರ್ಡ್ ಕೈಪರ್ ೧೯೪೭ರಲ್ಲಿ ಅಲ್ಲಿ ಇಂಗಾಲದ ಡೈಆಕ್ಸೈಡನ್ನು ಪತ್ತೆಹಚ್ಚಿದ್ದ. ಅದರ ಪ್ರಮಾಣ ಅಲ್ಪವಾಗಿದ್ದುದರಿಂದ, ಉಳಿದ ಗಾಳಿಯೆಲ್ಲ ಭೂಮಿಯಲ್ಲಿರುವಂತೆ ಸಾರಜನಕವೇ ಇರಬೇಕೆಂದು ಊಹಿಸಲಾಯಿತು. ಆ ಅಲ್ಪಪ್ರಮಾಣವೇ ಬಹುಮಟ್ಟಿಗೆ ಇಡೀ ವಾತಾವರಣವಾಗಿರಬಹುದೆಂಬ ಶಂಕೆ ಹೆಚ್ಚಿನವರಿಗೆ ಬರಲಿಲ್ಲ. ಗೊತ್ತಿಲ್ಲದ ಗ್ರಹವನ್ನು ಗೊತ್ತಿರುವ ಗ್ರಹದ ಮಾದರಿಯಲ್ಲಿ ತುಂಬಿಸಿಕೊಳ್ಳುವ ಪ್ರವೃತ್ತಿ ಕಾಲುವೆಗಳೊಂದಿಗೆ ಮುಗಿದಿರಲಿಲ್ಲ.

ಈ ಅಂಕಿಯ ಮೇಲೆಯೇ ವೆರ್ನರ್ ಫಾನ್ ಬ್ರೌನ್ ತನ್ನ ಯೋಜನೆಯನ್ನು ಕಟ್ಟಿದ. ಜರ್ಮನಿಯ ನಾಜಿ ಆಡಳಿತಕ್ಕಾಗಿ ವಿ-೨ ಕ್ಷಿಪಣಿಯನ್ನು ರೂಪಿಸಿದ, ಸೆರೆಶಿಬಿರದ ಬಂದಿಗಳ ದುಡಿಮೆಯಿಂದ ಅದು ತಯಾರಾಗುತ್ತಿದ್ದುದನ್ನು ಬಲ್ಲವನಾಗಿದ್ದ ಈ ಎಂಜಿನಿಯರ್ ಯುದ್ಧಾನಂತರ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಗ ಮಂಗಳಯಾತ್ರೆಯ ಲೆಕ್ಕಗಳನ್ನು ಬರೆದ. ಅದು ೧೯೫೨ರಲ್ಲಿ ಜರ್ಮನ್ ಭಾಷೆಯಲ್ಲಿ, ಮರುವರ್ಷ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಹತ್ತು ನೌಕೆಗಳು, ಎಪ್ಪತ್ತು ಮಂದಿ, ಹೋಗಲು ೨೬೦ ದಿನ. ಇದು ಅದರ ಗಾತ್ರ. ಗ್ರಹವನ್ನು ತಲುಪಿದ ಮೇಲೆ ದೊಡ್ಡ ರೆಕ್ಕೆಗಳುಳ್ಳ ಒಂದು ವಿಮಾನ ಧ್ರುವದ ಮಂಜಿನ ಮೇಲೆ ಹಿಮಹಾವುಗೆಗಳ ಸಹಾಯದಿಂದ ಇಳಿಯಬೇಕು. ಅದರಲ್ಲಿದ್ದವರು ಸಾವಿರಾರು ಕಿಲೋಮೀಟರ್ ನೆಲದ ಮೇಲೆ ಪಯಣಿಸಿ ಸಮಭಾಜಕದ ಬಳಿ ಓಟಪಥವನ್ನು ಸಮಗೊಳಿಸಬೇಕು. ಆಗ ಉಳಿದ ಎರಡು ವಿಮಾನಗಳು ಚಕ್ರಗಳ ಮೇಲೆ ಬಂದಿಳಿಯಬೇಕು. ಇಂಧನದ ಪ್ರತಿ ಟನ್ನನ್ನೂ ಲೆಕ್ಕವಿಟ್ಟ ಈ ಗ್ರಂಥದ ಸಂಯಮ ಮೆಚ್ಚತಕ್ಕದ್ದು. ಆದರೆ ವಿಮಾನದ ರೆಕ್ಕೆಗೆ ಗಾಳಿ ಬೇಕು. ಅದೇ ಕಾಲದ ಕಥಾಸಾಹಿತ್ಯವೂ ಈ ಅಂಕಿಯಲ್ಲಿಯೇ ಉಸಿರಾಡುತ್ತಿತ್ತು. ಆರ್ಥರ್ ಸಿ. ಕ್ಲಾರ್ಕ್ ೧೯೫೧ರಲ್ಲಿ ಪ್ರಕಟಿಸಿದ ಮಂಗಳದ ಮರಳಿನ ಕುರಿತ ಕಾದಂಬರಿಯಲ್ಲಿ ನೆಲೆಸಿಗರು ಉಸಿರಿನ ಮುಖವಾಡವನ್ನಷ್ಟೇ ಧರಿಸಿ ಹೊರಗೆ ತಿರುಗಾಡುತ್ತಾರೆ.

ತಿದ್ದುಪಡಿ ಎರಡು ಹಂತಗಳಲ್ಲಿ ಬಂದಿತು. ೧೯೬೩ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ತೆಗೆದ ಒಂದು ಉತ್ತಮ ರೋಹಿತಚಿತ್ರವನ್ನು ಆಧರಿಸಿ ಕ್ಯಾಪ್ಲನ್, ಮ್ಯುಂಖ್ ಮತ್ತು ಸ್ಪಿನ್ರಾಡ್ ಎಂಬ ಮೂವರು ವಾಯುಭಾರ ೨೫ ಮಿಲಿಬಾರಿನ ಸುಮಾರಿನದು, ಅದಕ್ಕೂ ಬಹಳ ಕಡಿಮೆ ಇರಬಹುದು ಎಂದರು. ನಿರ್ಣಾಯಕವಾದುದು ಮ್ಯಾರಿನರ್-೪. ೧೯೬೪ರ ನವೆಂಬರ್ ೨೮ರಂದು ಹೊರಟ ಈ ನೌಕೆ ೧೯೬೫ರ ಜುಲೈ ಮಧ್ಯಭಾಗದಲ್ಲಿ ಮಂಗಳದಿಂದ ಹತ್ತು ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ ಹಾದುಹೋಯಿತು. ಕುಳಿಬಿದ್ದ ಬಂಜರು ನೆಲವನ್ನು ತೋರಿಸಿದ ಅದರ ಇಪ್ಪತ್ತೊಂದು ಪೂರ್ಣ ಚಿತ್ರಗಳೇ ಹೆಚ್ಚು ಪ್ರಸಿದ್ಧ. ಆದರೆ ವಸತಿಯ ದೃಷ್ಟಿಯಿಂದ ಮಹತ್ತ್ವದ್ದು ಚಿತ್ರವಿಲ್ಲದ ಇನ್ನೊಂದು ಪ್ರಯೋಗ. ನೌಕೆ ಗ್ರಹದ ಮರೆಗೆ ಸರಿಯುವ ಕ್ಷಣದಲ್ಲಿ ಅದರ ರೇಡಿಯೋ ಅಲೆ ಮಂಗಳದ ಗಾಳಿಯ ಅಂಚನ್ನು ಹಾದು ಭೂಮಿಗೆ ಬರುತ್ತದೆ. ಗಾಳಿ ದಟ್ಟವಾದಷ್ಟೂ ಅಲೆ ಹೆಚ್ಚು ಬಾಗುತ್ತದೆ. ಧೂಳಿಗೆ ಈ ಲೆಕ್ಕದಲ್ಲಿ ಪ್ರವೇಶವಿಲ್ಲ. ಬಂದ ಉತ್ತರ ೪ರಿಂದ ೭ ಮಿಲಿಬಾರ್. ೧೯೭೬ರಲ್ಲಿ ನೆಲಕ್ಕಿಳಿದ ಎರಡು ವೈಕಿಂಗ್ ನೌಕೆಗಳು ಇದನ್ನು ಸ್ಥಿರಪಡಿಸಿದವು. ಆ ಗಾಳಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಇಂಗಾಲದ ಡೈಆಕ್ಸೈಡ್, ಸಾರಜನಕ ಮೂರು ಪಾಲಿಗಿಂತ ಕಡಿಮೆ ಎಂದೂ ಅವು ತಿಳಿಸಿದವು.

ಎಂಬತ್ತೈದಕ್ಕೂ ಆರಕ್ಕೂ ಇರುವ ಅಂತರ ಬರಿಯ ಪ್ರಮಾಣದ ಅಂತರವಲ್ಲ. ವಾಯುಭಾರ ಸುಮಾರು ೬೩ ಮಿಲಿಬಾರಿಗಿಂತ ಕೆಳಗಿಳಿದರೆ ಮನುಷ್ಯದೇಹದ ಉಷ್ಣತೆಯಲ್ಲಿಯೇ ನೀರು ಕುದಿಯುತ್ತದೆ. ಅಮೆರಿಕದ ವಾಯುಪಡೆಯ ವೈದ್ಯ ಹ್ಯಾರಿ ಆರ್ಮ್‌ಸ್ಟ್ರಾಂಗ್‌ನ ಹೆಸರಿನಿಂದ ಈ ಮಿತಿಯನ್ನು ಗುರುತಿಸಲಾಗುತ್ತದೆ. ಲೊವೆಲ್ಲನ ಮಂಗಳ ಆ ಮಿತಿಯ ಮೇಲಿತ್ತು, ಮ್ಯಾರಿನರ್ ಕಂಡ ಮಂಗಳ ಅದರ ಬಹಳ ಕೆಳಗಿದೆ. ಕ್ಲಾರ್ಕನ ಮುಖವಾಡ ಅಲ್ಲಿ ಸಾಲದು. ಇಡೀ ದೇಹಕ್ಕೆ ಒತ್ತಡದ ಕವಚ ಬೇಕು. ಫಾನ್ ಬ್ರೌನನ ವಿಮಾನಗಳು ತೇಲಲಾರವು. ಇಂದಿನವರೆಗೆ ಅಲ್ಲಿ ಸುರಕ್ಷಿತವಾಗಿ ಇಳಿಸಲಾದ ಅತಿಭಾರದ ಯಂತ್ರವೆಂದರೆ ೨೦೨೧ರ ಪರ್ಸೆವೆರೆನ್ಸ್. ಅದರ ತೂಕ ಒಂದು ಟನ್ನಿನಷ್ಟು. ಮನುಷ್ಯರ ಮನೆ, ಇಂಧನ, ಆಹಾರಗಳನ್ನು ಹೊತ್ತ ನೌಕೆಗಳೋ ಹತ್ತಾರು ಟನ್ನಿನವು. ಇಳಿಯುವಾಗ ಸುಡುವಷ್ಟು ಗಾಳಿ ಅಲ್ಲಿದೆ, ವೇಗವನ್ನು ತಡೆಯುವಷ್ಟಿಲ್ಲ.

ಈ ಹೊಸ ಸ್ಥಿತಿಗೆ ಮುಖ್ಯವಾಗಿ ಎರಡು ಬಗೆಯ ಉತ್ತರಗಳು ಹುಟ್ಟಿದವು. ಗ್ರಹದ ಗಾಳಿಯನ್ನೇ ದಟ್ಟಗೊಳಿಸುವುದು ಮೊದಲನೆಯದು. ಕಾರ್ಲ್ ಸೇಗನ್ ೧೯೭೩ರಲ್ಲಿ, ಕ್ರಿಸ್ ಮೆಕೆ ಮತ್ತು ಸಂಗಡಿಗರು ೧೯೯೧ರಲ್ಲಿ ಈ ದಿಕ್ಕಿನಲ್ಲಿ ಬರೆದರು. ಧ್ರುವದ ಹಿಮದಲ್ಲಿ, ಮಣ್ಣಿನಲ್ಲಿ, ಶಿಲೆಗಳಲ್ಲಿ ಸೆರೆಯಾಗಿರುವ ಇಂಗಾಲದ ಡೈಆಕ್ಸೈಡನ್ನು ಬಿಡಿಸಿದರೆ ಗ್ರಹ ತನ್ನಿಂದ ತಾನೇ ಬೆಚ್ಚಗಾಗಬಹುದೆಂಬುದು ಅದರ ಹುರುಳು. ಆ ಸಂಗ್ರಹ ಸಾಕಷ್ಟಿದೆಯೇ ಎಂಬುದು ಪ್ರಶ್ನೆ. ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಿಂದ ಮುನ್ನಡೆಸಲಾದ ಭಾರತದ ಮಂಗಳಯಾನ ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳದ ಕಕ್ಷೆಯನ್ನು ಸೇರಿತು. ಅದಕ್ಕೆ ಎರಡು ದಿನ ಮೊದಲು ಅಮೆರಿಕದ ಮೇವನ್ ನೌಕೆ ಅಲ್ಲಿಗೆ ತಲುಪಿತ್ತು. ಎರಡರ ಉದ್ದೇಶಗಳಲ್ಲಿಯೂ ಗ್ರಹದ ಮೇಲಣ ವಾತಾವರಣದ ಅಧ್ಯಯನ ಸೇರಿತ್ತು. ಈ ಕಾರ್ಯಕ್ಕೆಂದೇ ರೂಪಿತವಾಗಿದ್ದ ಮೇವನ್ ಕೊಟ್ಟ ಮಾಹಿತಿ ಹೆಚ್ಚು ವಿಸ್ತಾರವಾದುದು. ಮಂಗಳದ ಗಾಳಿಯಲ್ಲಿ ಒಂದು ಕಾಲಕ್ಕೆ ಇದ್ದ ಆರ್ಗಾನಿನ ಸುಮಾರು ಮೂರನೆಯ ಎರಡು ಪಾಲು ಬಾಹ್ಯಾಕಾಶಕ್ಕೆ ಸೋರಿಹೋಗಿದೆ ಎಂದು ೨೦೧೭ರಲ್ಲಿ ತಿಳಿದುಬಂದಿತು. ಮರುವರ್ಷ ಬ್ರೂಸ್ ಜಕೋಸ್ಕಿ ಮತ್ತು ಕ್ರಿಸ್ಟೊಫರ್ ಎಡ್ವರ್ಡ್ಸ್ ಲಭ್ಯ ಸಂಗ್ರಹಗಳನ್ನೆಲ್ಲ ಎಣಿಸಿ, ಕೈಗೆಟಕುವುದನ್ನೆಲ್ಲ ಬಿಡಿಸಿದರೂ ವಾಯುಭಾರ ೨೦ ಮಿಲಿಬಾರಿನ ಸುಮಾರಿಗೆ ಏರೀತೆಂದು ತೋರಿಸಿದರು. ಗ್ರಹ ಕಳೆದುಕೊಂಡ ಗಾಳಿ ನೆಲದಲ್ಲಿ ಹೂತಿಲ್ಲ, ಹೊರಟುಹೋಗಿದೆ. ೨೦೨೪ರಲ್ಲಿ ಲೋಹದ ಸೂಕ್ಷ್ಮಕಣಗಳನ್ನು ಆಕಾಶಕ್ಕೆ ತೂರಿ ಶಾಖವನ್ನು ಹಿಡಿದಿಡುವ ಸಲಹೆ ಬಂದಿದೆ. ಅದು ಚಳಿಗೆ ಮದ್ದು, ಉಸಿರಿಗಲ್ಲ.

ಎರಡನೆಯ ಉತ್ತರ, ಭೂಮಿಯ ಗಾಳಿಯನ್ನು ಮುಚ್ಚಿದ ಮನೆಯೊಳಗೆ ಕಾಪಾಡಿಕೊಳ್ಳುವುದು. ರಾಕೆಟ್ಟಿನ ಚರಿತ್ರಕಾರರು ಈ ಭಾಗಕ್ಕೆ ತಕ್ಕ ಗಮನ ಕೊಟ್ಟಿಲ್ಲ. ಸೈಬೀರಿಯದ ಕ್ರಾಸ್ನೊಯಾರ್ಸ್ಕ್‌ನಲ್ಲಿ ಸೋವಿಯತ್ ವಿಜ್ಞಾನಿಗಳು ನಿರ್ಮಿಸಿದ ಬಯೋಸ್-೩ ಎಂಬ ನೆಲದಡಿಯ ಮುಚ್ಚುಮನೆಯಲ್ಲಿ ೧೯೭೨-೭೩ರಲ್ಲಿ ಮೂವರ ತಂಡಗಳು ೧೮೦ ದಿನಗಳ ಪ್ರಯೋಗವನ್ನು ನಡೆಸಿದವು. ಗೋಧಿ ಮತ್ತು ತರಕಾರಿಗಳು ಗಾಳಿಯನ್ನು ಶುದ್ಧಗೊಳಿಸಿ ಆಹಾರದ ಒಂದು ಭಾಗವನ್ನೂ ಒದಗಿಸಿದವು. ಅರಿಝೋನಾದ ಒರಾಕಲ್ ಊರಿನ ಬಳಿ ಮೂರು ಎಕರೆಗೂ ಮೀರಿದ ಗಾಜಿನ ಸೌಧದಲ್ಲಿ ಮಳೆಕಾಡು, ಹುಲ್ಲುಗಾವಲು, ಮರುಭೂಮಿ, ಪುಟ್ಟ ಕಡಲು, ಹೊಲ ಎಲ್ಲವನ್ನೂ ಅಳವಡಿಸಿದ ಬಯೋಸ್ಫಿಯರ್-೨ರ ಹಂಬಲ ಇನ್ನೂ ದೊಡ್ಡದು. ೧೯೯೧ರ ಸೆಪ್ಟೆಂಬರ್ ೨೬ರಂದು ಎಂಟು ಮಂದಿ ಒಳಹೊಕ್ಕು ಸರಿಯಾಗಿ ಎರಡು ವರ್ಷಗಳ ನಂತರ ಹೊರಬಂದರು.

ಆ ಎರಡು ವರ್ಷಗಳಲ್ಲಿ ಅಲ್ಲಿನ ಗಾಳಿಗೆ ಆದುದು ಚರಿತ್ರೆಯಲ್ಲಿ ದಾಖಲಾಗತಕ್ಕದ್ದು. ಶೇಕಡ ೨೧ರ ಸಮೀಪವಿದ್ದ ಆಮ್ಲಜನಕ ಹದಿನಾರು ತಿಂಗಳಲ್ಲಿ ಶೇಕಡ ೧೪ರ ಸಮೀಪಕ್ಕೆ ಇಳಿಯಿತು. ನಿವಾಸಿಗಳು ಎತ್ತರದ ಪರ್ವತದ ಮೇಲಿರುವವರಂತೆ ಏದುಸಿರು ಬಿಟ್ಟರು. ೧೯೯೩ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕವನ್ನು ತುಂಬಬೇಕಾಯಿತು. ಬೆಳೆ ಚೆನ್ನಾಗಿ ಬರಲೆಂದು ತುಂಬಿಸಿದ್ದ ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಉಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿದ್ದವು. ಇದು ಊಹಿಸಬಹುದಾದ ಸಂಗತಿ. ಆದರೆ ಹಾಗೆ ಬಿಟ್ಟ ಡೈಆಕ್ಸೈಡ್ ಅಷ್ಟೇ ಪ್ರಮಾಣದಲ್ಲಿ ಗಾಳಿಯಲ್ಲಿ ಹೆಚ್ಚಲಿಲ್ಲ. ಇಂಗಾಲದ ಐಸೋಟೋಪುಗಳ ಜಾಡು ಹಿಡಿದು ಹೊರಟ ಸೆವರಿಂಗ್‌ಹೌಸ್ ಮತ್ತು ಸಂಗಡಿಗರು ೧೯೯೪ರಲ್ಲಿ ಅದರ ಅಡಗುದಾಣವನ್ನು ಕಂಡುಹಿಡಿದರು: ಕಟ್ಟಡದ ಕಾಂಕ್ರೀಟು. ಹಸಿ ಕಾಂಕ್ರೀಟಿನ ಸುಣ್ಣದಂಶ ಅನಿಲವನ್ನು ಹೀರಿ ಸುಣ್ಣಕಲ್ಲಾಗಿ ಮಾರ್ಪಟ್ಟಿತ್ತು. ಅದರೊಂದಿಗೆ ಸಸ್ಯಗಳು ಮರಳಿ ಬಿಡುಗಡೆ ಮಾಡಬೇಕಾಗಿದ್ದ ಆಮ್ಲಜನಕವೂ ಗೋಡೆಯಲ್ಲಿ ಸೆರೆಯಾಗಿತ್ತು. ಕಾಡು, ಕಡಲು, ಬೆಳೆಗಳ ಲೆಕ್ಕವನ್ನು ವರ್ಷಗಟ್ಟಲೆ ಹಾಕಿದವರಿಗೆ ಗೋಡೆ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಒಳಗೆ ಬಿಟ್ಟಿದ್ದ ೨೫ ಕಶೇರುಕ ಪ್ರಭೇದಗಳಲ್ಲಿ ೧೯ ಅಳಿದವು, ಪರಾಗಸ್ಪರ್ಶಕ ಕೀಟಗಳು ನಾಶವಾದವು, ಇರುವೆಗಳು ಹಬ್ಬಿದವು. ಎಂಟು ಮಂದಿ ಎರಡು ಪಂಗಡಗಳಾಗಿ ಒಡೆದರು. ಪತ್ರಿಕೆಗಳು ಇದನ್ನು ನಗೆಪಾಟಲು ಮಾಡಿದವು. ಆ ತೀರ್ಪು ನ್ಯಾಯವಾದುದಲ್ಲ. ಹೊರಗಿನಿಂದ ಆಮ್ಲಜನಕದ ಟ್ಯಾಂಕರು ಬರಬಹುದಾದ ಜಾಗದಲ್ಲಿ ಈ ತಪ್ಪು ಗೊತ್ತಾದುದೇ ಆ ಪ್ರಯೋಗದ ಲಾಭ. ಮಂಗಳಕ್ಕೆ ಮುಂದಿನ ನೌಕೆ ಹೊರಡುವ ಅನುಕೂಲಕಾಲ ಸುಮಾರು ಇಪ್ಪತ್ತಾರು ತಿಂಗಳಿಗೊಮ್ಮೆ ಬರುತ್ತದೆ.

ಇಷ್ಟು ಮುಖ್ಯವಾದ ಪ್ರಯೋಗಗಳು ಆ ಬಳಿಕ ನಡೆದದ್ದು ವಿರಳ. ೨೦೧೭-೧೮ರಲ್ಲಿ ಬೀಜಿಂಗಿನ ಬೆಯ್‌ಹಾಂಗ್ ವಿಶ್ವವಿದ್ಯಾಲಯದ ಯುಯೆಗೊಂಗ್-೧ರಲ್ಲಿ ನಾಲ್ವರ ಎರಡು ತಂಡಗಳು ಸರದಿಯಂತೆ ೩೭೦ ದಿನಗಳನ್ನು ಕಳೆದದ್ದು ಗಮನಾರ್ಹ ಅಪವಾದ. ವಾಹನಗಳಿಗೆ ಸಂದ ಹಣ ಮತ್ತು ಉತ್ಸಾಹದೊಡನೆ ಹೋಲಿಸಿದರೆ ಮನೆಗೆ ಸಂದದ್ದು ಅತ್ಯಲ್ಪ. ೨೦೧೬ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಇಲಾನ್ ಮಸ್ಕ್ ಹತ್ತು ಲಕ್ಷ ಜನರ ಮಂಗಳನಗರದ ಚಿತ್ರವನ್ನು ಮುಂದಿಟ್ಟಾಗಲೂ ಉಪನ್ಯಾಸದ ಬಹುಭಾಗ ನೌಕೆಯ ಕುರಿತದ್ದಾಗಿತ್ತು. ಹಾಲೆಂಡಿನ ಮಾರ್ಸ್ ಒನ್ ಸಂಸ್ಥೆ ಹಿಂದಿರುಗಿ ಬಾರದ ಯಾತ್ರಿಕರನ್ನು ಆಯ್ದು ೨೦೧೯ರಲ್ಲಿ ದಿವಾಳಿಯಾಯಿತು. ಅದರ ಯೋಜನೆಯನ್ನು ೨೦೧೪ರಲ್ಲಿ ಪರಿಶೀಲಿಸಿದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಕಂಡ ದೋಷ ಬಯೋಸ್ಫಿಯರ್-೨ರದಕ್ಕೆ ತೀರ ವಿರುದ್ಧವಾದುದು: ಮನೆಯೊಳಗಿನ ಬೆಳೆಗಳಿಂದ ಆಮ್ಲಜನಕ ಮಿತಿಮೀರಿ ಬೆಂಕಿಯ ಅಪಾಯ ಉಂಟಾಗುತ್ತದೆ, ಅದನ್ನು ನಿವಾರಿಸಲು ಗಾಳಿಯನ್ನು ಹೊರಬಿಟ್ಟರೆ ಸಾರಜನಕ ಬರಿದಾಗುತ್ತದೆ. ಗಾಳಿಯ ಕೊರತೆ, ಹೆಚ್ಚಳ ಎರಡೂ ಮಾರಕವೇ.

ರಾಬರ್ಟ್ ಝುಬ್ರಿನ್ ೧೯೯೦ರಲ್ಲಿ ಸಹೋದ್ಯೋಗಿ ಡೇವಿಡ್ ಬೇಕರನೊಡನೆ ಮಂಡಿಸಿದ ವಾದ ಈ ಎರಡು ಉತ್ತರಗಳ ನಡುವಿನದು: ತೆಳುವಾದರೂ ಆ ಗಾಳಿ ಕಚ್ಚಾವಸ್ತು. ಅದರಿಂದ ಇಂಧನವನ್ನೂ ಉಸಿರನ್ನೂ ಅಲ್ಲಿಯೇ ತಯಾರಿಸಬಹುದು. ಈ ವಾದಕ್ಕೆ ಪ್ರಯೋಗದ ಬೆಂಬಲ ದೊರೆತದ್ದು ಮೂರು ದಶಕಗಳ ನಂತರ. ಪರ್ಸೆವೆರೆನ್ಸ್ ಹೊತ್ತೊಯ್ದ ಮಾಕ್ಸಿ ಎಂಬ ಉಪಕರಣ ೨೦೨೧ರ ಏಪ್ರಿಲ್ ೨೦ರಂದು ಮಂಗಳದ ಗಾಳಿಯಿಂದ ಮೊದಲ ಬಾರಿಗೆ ಆಮ್ಲಜನಕವನ್ನು ಬೇರ್ಪಡಿಸಿತು. ೨೦೨೩ರವರೆಗೆ ಹದಿನಾರು ಬಾರಿ ನಡೆದು ಅದು ಒಟ್ಟು ೧೨೨ ಗ್ರಾಂ ತಯಾರಿಸಿತು. ಒಬ್ಬ ಮನುಷ್ಯನಿಗೆ ಅದು ಮೂರೂವರೆ ಗಂಟೆಯ ಉಸಿರು. ಪ್ರಮಾಣ ಚಿಕ್ಕದಾದರೂ ತತ್ತ್ವ ಸ್ಥಾಪಿತವಾಗಿದೆ. ಇಡೀ ಚರಿತ್ರೆಯಲ್ಲಿ ಮಂಗಳದ ಗಾಳಿ ವಸತಿಯ ಪರವಾಗಿ ನುಡಿದ ಸಾಕ್ಷ್ಯ ಬಹುಶಃ ಇದೊಂದೇ.

ಗಾಳಿಯ ಕೊರತೆಯೊಂದಿಗೆ ಬೆಸೆದುಕೊಂಡ ಇನ್ನೂ ಕೆಲವು ತೊಡಕುಗಳಿವೆ. ದಟ್ಟಗಾಳಿಯ ಹೊದಿಕೆಯಿಲ್ಲದುದರಿಂದ ಕ್ಯೂರಿಯಾಸಿಟಿ ಯಂತ್ರ ನೆಲದ ಮೇಲೆ ದಿನಕ್ಕೆ ಸುಮಾರು ೦.೭ ಮಿಲಿಸೀವರ್ಟ್ ವಿಕಿರಣವನ್ನು ಅಳೆಯಿತು. ಮನೆಗಳನ್ನು ಮಣ್ಣಿನಡಿಯಲ್ಲಿ ಹೂಳಬೇಕಾಗುತ್ತದೆ. ೨೦೦೮ರಲ್ಲಿ ಫೀನಿಕ್ಸ್ ನೌಕೆ ಆ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ವಿಷಲವಣವನ್ನು ಕಂಡಿತು, ಜೊತೆಗೆ ನೆಲದಡಿಯ ಮಂಜುಗಡ್ಡೆಯನ್ನೂ ಕಂಡಿತು. ಗುರುತ್ವ ಭೂಮಿಯದರ ಶೇಕಡ ೩೮ರಷ್ಟು; ಆ ಗುರುತ್ವದಲ್ಲಿ ಮಗುವೊಂದು ಹುಟ್ಟಿ ಬೆಳೆಯಬಲ್ಲುದೇ ಎಂಬುದಕ್ಕೆ ಪ್ರಯೋಗದ ಆಧಾರವೇ ಇಲ್ಲ. ೧೯೬೭ರ ಬಾಹ್ಯಾಕಾಶ ಒಪ್ಪಂದದ ಎರಡನೆಯ ವಿಧಿ ಯಾವ ರಾಷ್ಟ್ರವೂ ಆಕಾಶಕಾಯಗಳ ಮೇಲೆ ಸ್ವಾಮ್ಯವನ್ನು ಸಾಧಿಸಕೂಡದೆಂದು ನಿಷೇಧಿಸುತ್ತದೆ. ನೆಲ ಯಾರದೂ ಅಲ್ಲದಲ್ಲಿ ಹುಟ್ಟಿದ ಮಗುವಿನ ಪೌರತ್ವವೂ, ಅದು ಉಸಿರಾಡುವ ಗಾಳಿಯ ಒಡೆತನವೂ ಕಾನೂನಿನ ಪ್ರಶ್ನೆಗಳಾಗುತ್ತವೆ. ಉಸಿರನ್ನು ತಯಾರಿಸುವ ಯಂತ್ರ ಯಾರ ಕೈಯಲ್ಲಿದೆಯೋ ಅವರ ಅಧಿಕಾರಕ್ಕೆ ಭೂಮಿಯ ಮೇಲೆ ಹೋಲಿಕೆ ಸಿಕ್ಕುವುದು ಕಷ್ಟ.

ಹೋಲಿಕೆ ಸಿಕ್ಕುವುದಾದರೆ ಅದು ಅಂಟಾರ್ಕ್ಟಿಕದಲ್ಲಿ. ಅಲ್ಲಿಯೂ ಸ್ವಾಮ್ಯದ ಹಕ್ಕುಗಳನ್ನು ೧೯೫೯ರ ಒಪ್ಪಂದ ತಡೆಹಿಡಿದಿದೆ. ಆದರೆ ಗಾಳಿ ಯಥೇಚ್ಛವಾಗಿದೆ, ನೀರು ಹೆಪ್ಪುಗಟ್ಟಿದ್ದರೂ ಎಲ್ಲೆಡೆ ಇದೆ, ಹಡಗು ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಭಾರತವೂ ೧೯೮೦ರ ದಶಕದಿಂದ ಅಲ್ಲಿ ನೆಲೆಗಳನ್ನು ನಡೆಸುತ್ತಿದೆ. ಇಷ್ಟಿದ್ದೂ ಆ ಖಂಡದಲ್ಲಿ ಇರುವುದು ಶಿಬಿರಗಳೇ. ಅರ್ಜೆಂಟೀನ ತನ್ನ ಹಕ್ಕುಸಾಧನೆಯ ಭಾಗವಾಗಿ ಎಸ್ಪೆರಾನ್ಸಾ ನೆಲೆಗೆ ಕುಟುಂಬಗಳನ್ನು ಕಳುಹಿಸಿತು. ೧೯೭೮ರ ಜನವರಿ ೭ರಂದು ಅಲ್ಲಿ ಹುಟ್ಟಿದ ಎಮಿಲಿಯೋ ಮಾರ್ಕೋಸ್ ಪಾಲ್ಮ ಆ ಖಂಡದಲ್ಲಿ ಜನಿಸಿದವರಲ್ಲಿ ದಾಖಲೆಯಿರುವ ಮೊದಲಿಗ. ಅವನ ಹಿಂದೆ ಇನ್ನೂ ಕೆಲವು ಮಕ್ಕಳು ಅಲ್ಲಿ ಹುಟ್ಟಿದರು. ಎಸ್ಪೆರಾನ್ಸಾದಲ್ಲಿ ಒಂದು ಶಾಲೆಯನ್ನೂ ತೆರೆಯಲಾಯಿತು. ಸರದಿ ಮುಗಿದ ಕುಟುಂಬಗಳು ಮಕ್ಕಳೊಂದಿಗೆ ಅರ್ಜೆಂಟೀನಕ್ಕೆ ಹಿಂದಿರುಗಿದವು.